ಗಿರಣಿ ಕಾಕಾನ ಸವೆದ ಬೇಸ್ ಗಿಟಾರು

ಕಾಕಾನ ಬಲಗೈಯಲ್ಲಿ, ಮೊಣಕೈಗಿಂತ ತುಸು ಕೆಳಗೆ, ರೂಪಾಯಿಯಗಲದ ಜಾಗದಲ್ಲಿ ಒಂದು ಕೂದಲೂ ಇರಲಿಲ್ಲ. ಬೇಸ್ ಗಿಟಾರಿನ ಅಂಚಿಗೆ ಉಜ್ಜಿ ಉಜ್ಜಿ ನುಣ್ಣಗಾಗಿತ್ತು. ಗಿಟಾರಿನ ಮೇಲೂ ಅದೇ ಕಡೆ ಬಣ್ಣ ಹೋಗಿ ಕಟ್ಟಿಗೆ ಕಾಣುತ್ತಿತ್ತು.

ಗೋಕಾಕದಲ್ಲಿ ಅವರದು ನಮ್ಮ ಬಾಜೂ ಮನೆ. ಹಗಲು ಹಿಟ್ಟಿನ ಗಿರಣಿ, ಮದುವೆ ಸೀಜನ್ನಿನಲ್ಲಿ ಆರ್ಕೆಸ್ಟ್ರಾ. ಎಲ್ಲರೂ ಹಾಡುವವರನ್ನು ನೋಡುತ್ತಿದ್ದರು. ಹಿಂದೆ ನಿಂತು ದಪ್ಪ ತಂತಿ ಮಿಡಿಯುವ ಕಾಕಾನನ್ನು ನೋಡುತ್ತಿದ್ದವಳು ನಾನೊಬ್ಬಳೇ ಏನೋ. ಶಾಲೆಯಲ್ಲಿ ನೌಕರಿ ಸಿಕ್ಕ ಮೇಲೆ ನನಗೂ ಕಲಿಯುವ ಹುಚ್ಚು ಹತ್ತಿತು.

ಹುಕ್ಕೇರಿಯಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಗಿಟಾರು ಇದೆಯೆಂದು ತಿಳಿದು ಇಬ್ಬರೂ ಬಸ್ಸು ಹತ್ತಿದೆವು. ಅದರ ಅಂದ ಏನು ಹೇಳಲಿ! ಕಡುಗೆಂಪು, ಒಂದು ಗೀರಿಲ್ಲ, ಮೇಲಿನ ಪ್ಲಾಸ್ಟಿಕ್ ಹಾಳೆ ಕೂಡ ಕಿತ್ತಿರಲಿಲ್ಲ. ಕಾಕಾ ಒಂದು ಕಣ್ಣು ಮುಚ್ಚಿ ಅದರ ಕತ್ತಿನುದ್ದಕ್ಕೂ ನೋಡಿ, ಮಾಲೀಕನನ್ನು ಕೇಳಿದರು: "ಯಾರು ಬಾರಸ್ತಿದ್ರು ಇದನ್ನ?"

"ಯಾರೂ ಇಲ್ರಿ. ತಂದಾಗಿಂದ ಕಪಾಟದ ಮ್ಯಾಲನ ಐತಿ."

ಹೊರಗೆ ಬಂದ ಮೇಲೆ ಹೇಳಿದರು: "ಕತ್ತು ಬಾಗೇತಿ, ತಂಗಿ. ಖರೆ ಅಂದ್ರ, ಅದು ಯಾರಿಗೂ ಬೇಕಾಗೇ ಇಲ್ಲ. ಸವದದ್ದು ತಗೋ. ಸವದೈತಿ ಅಂದ್ರ ಯಾರೋ ದಿನಾ ಎತ್ಕೊಂಡಾರ ಅಂತ."

ಆಮೇಲೆ ಮೂಡಲಗಿಯಲ್ಲಿ ಸಿಕ್ಕದ್ದು ಅಂಥದ್ದೇ, ಮೈತುಂಬ ಗೀರು. ಮುಖ ಊದಿಸಿಕೊಂಡೇ ತಂದೆ. ಇವತ್ತಿಗೂ ಅದನ್ನೇ ಬಾರಿಸುತ್ತೇನೆ.

ಒಂದು ವರ್ಷ ಮಹಾನವಮಿ ಹೊತ್ತಿಗೆ ಕಾಕಾನ ಎದೆ ಕೈಕೊಟ್ಟಿತು. ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಖಂಡೆ ಪೂಜೆಗೆ, ಅಂದರೆ ಆಯುಧ ಪೂಜೆಗೆ, ಗಿರಣಿಗೆ ಹಸಿರು ಆಯಿಲ್ ಪೇಂಟ್ ಹೊಡೆಸುವುದು ಅವರ ಮನೆಯ ರೂಢಿ. ಆ ಸಲ ಅವರ ಹೆಂಡತಿ, ನಮ್ಮ ಕಾಕು, ಪೇಂಟರನ ಕೈಗೆ ಗಿಟಾರನ್ನೂ ಕೊಟ್ಟರು.

"ಹರದ ಅಂಗಿ ಹಾಕ್ಕೊಂಡಂಗ ಕಾಣ್ತಿತ್ತವ್ವಾ. ಮನಿಗಿ ಬಂದ ಮ್ಯಾಲ ನೋಡಿ ಖುಷಿ ಆಗ್ಲಿ," ಎಂದು ನನ್ನನ್ನು ಕರೆದು ತೋರಿಸಿದರು. ಗಿರಣಿಯ ಪಕ್ಕದಲ್ಲಿ ಗಿರಣಿಯದೇ ಹಸಿರು ಬಳಿಸಿಕೊಂಡು, ಚೆಂಡು ಹೂವಿನ ಮಾಲೆ ಹಾಕಿಸಿಕೊಂಡು ನಿಂತಿತ್ತು ಗಿಟಾರು. ಕಾಕಾ ಇಷ್ಟು ವರ್ಷ ಸವೆಸಿದ ಜಾಗ ಗುರುತೇ ಸಿಗಲಿಲ್ಲ. ಮೊನ್ನೆಯಷ್ಟೇ ಹೊಲಿಗೆ ಬಿದ್ದ ಕಾಕಾನ ಎದೆ ಇದನ್ನು ತಡೆದೀತೇ?

ಕಾಕಾ ಬಂದರು, ನೋಡಿದರು. ಕುರ್ಚಿ ಎಳೆದುಕೊಂಡು ಕೂತು, ಸ್ಪೀಕರಿನ ವಾಯರ್ ಹಚ್ಚಲು ನನಗೆ ಸನ್ನೆ ಮಾಡಿದರು. ಪುಣ್ಯಕ್ಕೆ ಪೇಂಟರ್ ಗಿರಣಿಯ ಮೋಟಾರಿಗೆ ಸುತ್ತುವಂತೆ ಇದರ ತಂತಿಗಳಿಗೂ ಪೇಪರ್ ಸುತ್ತಿ ಬಣ್ಣ ಹೊಡೆದಿದ್ದ. ಕಾಕಾ ದಪ್ಪ ತಂತಿ ಮಿಡಿದರು. ಅದೇ ದನಿ! ಕಿಟಕಿಯ ಗಾಜು ಗುಂಯ್ ಎಂದಿತು.

"ಹೆಂಗಾಗೇತ್ರಿ?" ಎಂದರು ಕಾಕು.

"ಭಾಳ ಚಲೋ ಆಗೇತಿ."

ಕಾಕು ಚಹಾ ಮಾಡಲು ಒಳಗೆ ಹೋದಾಗ ನನ್ನ ಕಡೆ ಬಾಗಿ ನಕ್ಕರು: "ಕೋರಾ ಹೊಸಾದು ಮಾಡಿ ಇಟ್ಟಾಳ, ತಂಗಿ. ಇನ್ನ ಇದನ್ನ ಸವಸೂತನಕ ನಾ ಸಾಯೂ ಹಂಗಿಲ್ಲ."

ಆಮೇಲೆ ಮದುವೆ ಆರ್ಕೆಸ್ಟ್ರಾಕ್ಕೆ ತಮ್ಮ ಬದಲು ನನ್ನನ್ನು ಕಳಿಸತೊಡಗಿದರು. ತಾವು ಸಂಜೆ ಗಿರಣಿ ಬಂದ್ ಮಾಡಿ ಮನೆಯಲ್ಲೇ ಬಾರಿಸುವರು. ಪ್ರತಿ ಖಂಡೆ ಪೂಜೆಗೆ ಕಾಕು, "ಮತ್ತೊಮ್ಮೆ ಬಣ್ಣಾ ಹಚ್ಚಸ್ಲೇನ್ರಿ?" ಎನ್ನುವರು. "ಇನ್ನಾ ಸವದಿಲ್ಲ, ತಡಿ," ಎನ್ನುವರು ಕಾಕಾ.

ಹೋದ ಚಳಿಗಾಲದಲ್ಲಿ ಕಾಕಾ ನಿದ್ದೆಯಲ್ಲೇ ಹೋದರು. ದಿನಕರ್ಮ ಮುಗಿದ ಮೇಲೆ ಕಾಕು ಗಿಟಾರನ್ನು ತಂದು ನನ್ನ ತೊಡೆಯ ಮೇಲಿಟ್ಟು, ಒಂದು ಕಡೆ ಬೆರಳಿಟ್ಟು ತೋರಿಸಿದರು. ಇಬ್ಬರಿಗೂ ಅಳು ಬಂತು, ಆದರೆ ಮನಸ್ಸು ಹಗುರಾಯಿತು. ಅಲ್ಲಿ ಹಸಿರು ಪೂರಾ ಹೋಗಿ ಕಟ್ಟಿಗೆ ಕಾಣುತ್ತಿತ್ತು.