ಅಣ್ಣನ ಕೈಬೆವರು

ನಮ್ಮಣ್ಣನ ಕೈಬೆವರಿನಲ್ಲಿ ದೋಷವಿದೆ ಅಂತ ಶೆಡ್ಡಿನ ಮೇಸ್ತ್ರಿ ಹೇಳಿದ ದಿನ, ದೋಷ ಇರುವುದು ನಮ್ಮ ಅಡುಗೆಮನೆಯ ಉಪ್ಪಿನಕಾಯಿ ಭರಣಿಯಲ್ಲಿ ಅಂತ ನಾನು ಹೇಳಬೇಕಿತ್ತು. ಹೇಳಲಿಲ್ಲ. ಎಂಟು ವರ್ಷ ಹೇಳಲಿಲ್ಲ. ನಾನು ಓದಿದ್ದು ನಾಲ್ಕನೇ ಕ್ಲಾಸು. ಬಾಯಿ ಮುಚ್ಚಿಕೊಂಡಿರುವುದಕ್ಕೆ ಅಷ್ಟು ಓದು ಧಾರಾಳವಾಯಿತು.

ನಮ್ಮ ಮನೆ ನಾಗಸಂದ್ರದ ಪಕ್ಕ. ಹೊಲಗಳು ಹೋಗಿ ಪೀಣ್ಯದ ಶೆಡ್ಡುಗಳು ಏಳುತ್ತಿದ್ದ ಕಾಲ, ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ಅಣ್ಣ, ನಾವು ಮೊದಲು ಅವರೆಕಾಯಿ ಕೀಳುತ್ತಿದ್ದ ಜಾಗದಲ್ಲೇ ಎದ್ದಿದ್ದ ಒಂದು ಶೆಡ್ಡಿಗೆ ಕೆಲಸ ಕಲಿಯಲು ಸೇರಿಕೊಂಡ. ಕೆಲಸ ಅಂದರೆ ಉಜ್ಜುವುದು. ಮೇಸ್ತ್ರಿ ಅವನ ಕೈಗೆ ಸೋಪಿನ ಗಾತ್ರದ ಒಂದು ಕಬ್ಬಿಣದ ಗಟ್ಟಿ, ಒಂದು ಅರ ಕೊಟ್ಟು, "ಆರು ಮುಖಾನೂ ಕನ್ನಡಿ ಥರ ಆಗ್ಬೇಕು ತಂಬಿ. ಮೂಲೆಮಟ್ಟ ಇಟ್ರೆ ಸಂದಿಯಲ್ಲಿ ಬೆಳಕು ತೂರಬಾರದು" ಅಂದಿದ್ದರು.

ಆ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಕಲಿಯುವವನು ಉಜ್ಜಿದ ಗಟ್ಟಿಯನ್ನು ಆಯುಧಪೂಜೆಯ ದಿನ ಲೇತ್ ಮೆಷಿನ್ನಿನ ಮುಂದಿಟ್ಟು ನೋಡುತ್ತಾರೆ. ಮೇಸ್ತ್ರಿ ಒಪ್ಪಿ ಅದಕ್ಕೆ ಕುಂಕುಮ ಹಚ್ಚಿದರೆ ಅವತ್ತೇ ಅವನು ಮೆಷಿನ್ನಿನ ಹಿಡಿಗೆ ಕೈ ಹಾಕಬಹುದು. ಒಪ್ಪದಿದ್ದರೆ ಮುಂದಿನ ಆಯುಧಪೂಜೆವರೆಗೂ ಅರವೇ ಗತಿ.

ಅಣ್ಣ ಹತ್ತು ತಿಂಗಳು ಉಜ್ಜಿದ. ಅಂಗೈಯಲ್ಲಿ ಬೊಬ್ಬೆ ಎದ್ದು, ಒಡೆದು, ಗಟ್ಟಿಯಾಗಿ, ಅನ್ನ ಕಲಸಿದರೆ ಬಿಸಿ ತಿಳಿಯುತ್ತಿರಲಿಲ್ಲ. ಹಬ್ಬಕ್ಕೆ ಒಂದು ವಾರ ಇರುವಾಗ ಗಟ್ಟಿಯನ್ನು ಎಣ್ಣೆಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ದೇವರ ಗೂಡಿನಲ್ಲಿಟ್ಟ.

"ನನ್ ಕೈಲಾಗೋದು ಮುಗೀತು. ಇನ್ನು ದೇವರು ನೋಡ್ಕೋತಾನೆ. ಹಬ್ಬದವರ್ಗೂ ನಾನು ಮುಟ್ಟಲ್ಲ" ಅಂದ.

ಅವನು ಮುಟ್ಟಲಿಲ್ಲ. ನಾನು ಮುಟ್ಟಿದೆ.

ಅಮ್ಮ ನಿಂಬೆಹಣ್ಣು ಹೋಳು ಮಾಡಿ, ಉಪ್ಪು ಬೆರೆಸಿ, ಭರಣಿಗೆ ತುಂಬಿ, "ಮೇಲೊಂದು ತಟ್ಟೆಯಿಟ್ಟು ಭಾರ ಹೇರು ಕಣೆ" ಅಂತ ನನಗೆ ಹೇಳಿ ಹೂವಿನ ತೋಟಕ್ಕೆ ಕೆಲಸಕ್ಕೆ ಹೋದಳು. ಭಾರಕ್ಕೆ ಇಡುವ ಕಲ್ಲು ಬಾವಿಕಟ್ಟೆಯ ಮೇಲಿತ್ತು. ಬಾವಿಕಟ್ಟೆಗೆ ಇಪ್ಪತ್ತು ಹೆಜ್ಜೆ, ಹೊರಗೆ ಸಣ್ಣ ಮಳೆ. ದೇವರ ಗೂಡಿಗೆ ಮೂರೇ ಹೆಜ್ಜೆ. ಉಪ್ಪಿನಕಾಯಿಗೆ ಮೆಷಿನ್ನಿನ ಎಣ್ಣೆ ತಗುಲಬಾರದು ಅಂತ ಬಟ್ಟೆ ಬಿಚ್ಚಿ, ಗಟ್ಟಿಯನ್ನು ಸೀಗೆಪುಡಿ ಹಾಕಿ ತೊಳೆದೇ ಇಟ್ಟೆ. ಮಡಿಯ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಖಾಲಿ ಬಟ್ಟೆ ನೋಡಿ ಯಾರಾದರೂ ಕೇಳಿಯಾರೆಂದು ಅದರಲ್ಲಿ ಒಂದು ಅಚ್ಚು ಬೆಲ್ಲ ಸುತ್ತಿ ಗೂಡಿನಲ್ಲಿಟ್ಟೆ. ಮಾರನೇ ದಿನ ಗೂಡಿನ ತುಂಬ ಕಪ್ಪಿರುವೆ. ಅಮ್ಮ ಕೈ ಮುಗಿದು, "ಕಪ್ಪಿರುವೆ ಬಂದ್ರೆ ಒಳ್ಳೇದು. ನಮ್ ಮಗನ ಕೆಲಸ ಆಯ್ತು ಅಂತ್ಲೇ ಲೆಕ್ಕ" ಅಂದಳು.

ಐದನೇ ದಿನ ಭರಣಿಯ ಮುಚ್ಚಳ ತೆಗೆದು ನೋಡಿದೆ. ರಸ ಉಕ್ಕಿ ಗಟ್ಟಿಯನ್ನು ಮುಳುಗಿಸಿತ್ತು. ಕನ್ನಡಿಯಂತಿದ್ದ ಮುಖದ ಮೇಲೆ ಸಿಡುಬಿನ ಕಲೆಯ ಹಾಗೆ ಕಪ್ಪು ಗುಳಿಗಳು. ದೇವರ ತಾಮ್ರದ ಚೊಂಬು ಹುಣಸೆಹಣ್ಣಿನಲ್ಲಿ ಫಳಫಳ ಆಗುತ್ತದಲ್ಲ ಅಂತ ಹುಣಸೆಹಣ್ಣು ಹಾಕಿ ತಿಕ್ಕಿದೆ. ಇನ್ನೂ ಕಪ್ಪಾಯಿತು. ಬಟ್ಟೆಯಲ್ಲಿ ಸುತ್ತಿ, ಗೂಡಿನಲ್ಲಿಟ್ಟು, ಬೆಲ್ಲ ತಿಂದುಬಿಟ್ಟೆ. ಉಪ್ಪಿನಕಾಯಿಯೂ ಕಪ್ಪಾಗಿತ್ತು. ಅಮ್ಮ ಅದರ ತಪ್ಪನ್ನು ಪಕ್ಕದ ಮನೆಯಾಕೆಯ ಕೆಟ್ಟ ಕಣ್ಣಿನ ಮೇಲೆ ಹಾಕಿದಳು.

ಆಯುಧಪೂಜೆಯ ದಿನ ಅಣ್ಣ ಮಧ್ಯಾಹ್ನವೇ ವಾಪಸು ಬಂದು ಜಗುಲಿಯ ಮೇಲೆ ಕೂತ. ಮೇಸ್ತ್ರಿ ಬೈಯಲಿಲ್ಲವಂತೆ. ಬಟ್ಟೆ ಬಿಚ್ಚಿ ನೋಡಿ, ಅಣ್ಣನ ಕೈ ಹಿಡಿದು ಅಂಗೈ ಮೂಸಿದರಂತೆ. ಅವತ್ತು ಶೆಡ್ಡಿನಲ್ಲಿ ಮೆಷಿನ್ನಿಗೊಂದರಂತೆ ನಿಂಬೆಹಣ್ಣು ಕುಯ್ದಿದ್ದರು. ಗಟ್ಟಿಯಿಂದ ಬಂದ ವಾಸನೆ ಯಾರಿಗೂ ಬೇರೆ ಅನ್ನಿಸಲಿಲ್ಲ. ಅದು ನನ್ನ ಪುಣ್ಯ.

"ಕೆಲವರ ಬೆವರು ಕಬ್ಬಿಣಕ್ಕೆ ಆಗೋದಿಲ್ವಂತೆ ಅಮ್ಮ. ಮುಟ್ಟಿದ್ದೆಲ್ಲ ತುಕ್ಕು ಹಿಡಿಯುತ್ತಂತೆ. ಇನ್ನೊಂದು ವರ್ಷ ನೋಡೋಣ, ಆಮೇಲೂ ಹಿಂಗೇ ಆದ್ರೆ ಬೇರೆ ದಾರಿ ನೋಡ್ಕೋ ತಂಬಿ ಅಂದ್ರು."

ಅಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಣ್ಣ, "ಅಳಬೇಡ. ದೇವರಿಗೆ ನನ್ನ ಇನ್ನೂ ಉಜ್ಜಬೇಕು ಅನ್ಸಿದೆ. ಉಜ್ಜಲಿ" ಅಂದ.

ದೇವರಿಗೆ ಪಾಪ, ಈ ಕೆಲಸದಲ್ಲಿ ಕೈಯೇ ಇರಲಿಲ್ಲ. ನಾನು ಬಾಗಿಲ ಹಿಂದೆ ನಿಂತು, ತಪ್ಪು ಅವನ ತಲೆಗೆ ಹೋಗುವುದನ್ನು ನೋಡಿ ಹಗುರಾಗಿ ಉಸಿರು ಬಿಟ್ಟೆ. ಅವನೇನೂ ಎದುರು ಮಾತಾಡುವವನಲ್ಲ.

ಶನಿವಾರ ಅಣ್ಣ ಆಂಜನೇಯನ ಗುಡಿಗೆ ಹೋಗಿ, ಬೆವರು ಶುದ್ಧವಾಗಲಿ ಅಂತ, ಮುಂದಿನ ಆಯುಧಪೂಜೆವರೆಗೂ ಉಪ್ಪು ತಿನ್ನಲ್ಲ ಅಂತ ಹರಕೆ ಹೊತ್ತು ಬಂದ. ಅವನಿಗೆ ಬೇರೆ ಗಡಿಗೆಯಲ್ಲಿ ಸಪ್ಪೆ ಸಾರು. ಇಪ್ಪತ್ತು ದಿನಕ್ಕೆ ಕೆನ್ನೆ ಒಳಗೆ ಹೋಯಿತು. ದಿನವಿಡೀ ಅರ ಎಳೆದು ಬಂದು, ಸಪ್ಪೆ ಮುದ್ದೆಯನ್ನು ಔಷಧಿಯ ಹಾಗೆ ನುಂಗುತ್ತಿದ್ದ. ಮುದ್ದೆ ಕಟ್ಟುವುದು ನನ್ನ ಕೆಲಸ. ಒಂದು ದಿನ ತಡೆಯಲಾರದೆ ಅವನ ಮುದ್ದೆಯ ಹೊಟ್ಟೆಗೆ ಒಂದು ಚಿಟಿಕೆ ಉಪ್ಪು ಸೇರಿಸಿಬಿಟ್ಟೆ. ಮಾರನೇ ದಿನವೂ ಸೇರಿಸಿದೆ.

"ಅಮ್ಮ, ನಾಲಿಗೆ ಪಳಗ್ತು ಕಣೆ. ಈಗ ಸಪ್ಪೇನೇ ರುಚಿ" ಅಂದ ಅಣ್ಣ. ಕೆನ್ನೆ ತುಂಬಿಕೊಂಡಿತು. ಅಮ್ಮ ಈ ಮಹಿಮೆಯನ್ನು ನಲ್ಲಿ ಹತ್ತಿರ ಹೇಳಿದ ಮೇಲೆ ಪಕ್ಕದ ಮನೆಯಾಕೆಯೂ ಸೋಮವಾರ ಉಪ್ಪು ಬಿಟ್ಟಳು. ಅವಳಿಗೆ ರುಚಿ ಹತ್ತಲಿಲ್ಲ. "ಅವ್ನಿಗಿರೋ ಭಕ್ತಿ ನಂಗಿಲ್ಲ ಕಣಮ್ಮಿ. ಅದುಕ್ಕೇ ಇಂಗೆ" ಅಂತ ನನ್ನ ಹತ್ತಿರವೇ ಬಂದು ಅತ್ತಳು. ನಾನು ಸಮಾಧಾನ ಮಾಡಿದೆ.

ಮುಂದಿನ ಆಯುಧಪೂಜೆಗೆ ಅಣ್ಣನ ಗಟ್ಟಿ ನೀರಿನ ಹಾಗೆ ಹೊಳೆಯಿತು. ಆ ವರ್ಷ ನಾನು ಅದರ ಹತ್ತಿರ ಸುಳಿಯಲಿಲ್ಲ. ಮೇಸ್ತ್ರಿ ಕುಂಕುಮ ಹಚ್ಚಿದರು, ಅಣ್ಣ ಮೆಷಿನ್ನಿಗೆ ಕೈ ಹಾಕಿದ. ಮನೆಗೆ ಬಂದವನು ಗೂಡಿನ ಮುಂದೆ ಕೂತು ಅತ್ತ. ಆಗಲಾದರೂ ಹೇಳಬಹುದಿತ್ತು. ಆದರೆ ಅವನ ನಂಬಿಕೆ ಅಷ್ಟು ಎತ್ತರ ಬೆಳೆದು ನಿಂತಿತ್ತು, ಬುಡದಲ್ಲಿ ನನ್ನ ಸುಳ್ಳು. ಎಳೆದರೆ ಎಲ್ಲ ಬಿದ್ದುಹೋದರೆ ಅನ್ನುವ ಭಯ. ನನ್ನ ಬೆನ್ನಿಗೆ ಬೀಳಬಹುದಾದ ಏಟಿನ ಭಯವೂ ಇತ್ತು ಅನ್ನಿ.

ನಾನು ಮಹದೇವಪುರದ ಕಡೆಗೆ ಮದುವೆಯಾಗಿ ಹೋದೆ. ಅಣ್ಣನೂ ಮದುವೆಯಾದ. ಹಳೇ ಲೇತ್ ಒಂದನ್ನು ಕೊಂಡು ಸ್ವಂತ ಶೆಡ್ಡು ಹಾಕಿದ. ಎಂಟನೇ ವರ್ಷ, ಒಂದು ಭಾನುವಾರ, ಅತ್ತಿಗೆ ನನ್ನನ್ನು ಕರೆಸಿಕೊಂಡಳು.

"ಆರು ತಿಂಗಳಿಂದ ಆರ್ಡರ್ ಇಲ್ಲ. ನಿಮ್ಮಣ್ಣ ಮತ್ತೆ ಉಪ್ಪು ಬಿಟ್ಟಿದ್ದಾರೆ. ಮೊನ್ನೆ ತಲೆ ಸುತ್ತಿ ಓಡ್ತಿರೋ ಮೆಷಿನ್ ಮೇಲೇ ಬಗ್ಗಿದ್ರು. ಪಕ್ಕದ ಶೆಡ್ಡಿನವರು ಹಿಡ್ಕೊಂಡ್ರು. ನಿಮ್ಮ ಮಾತಾದ್ರೂ ಕೇಳ್ತಾರೇನೋ ನೋಡಿ" ಅಂದಳು.

ಶೆಡ್ಡಿಗೆ ಹೋದೆ. ಅಣ್ಣ ಕೈಗೆ ಬಟ್ಟೆ ಸುತ್ತಿಕೊಂಡು ಯಾವುದೋ ಕಬ್ಬಿಣದ ತುಂಡನ್ನು ಅಳೆಯುತ್ತಿದ್ದ.

"ಉಪ್ಪು ತಿನ್ನು" ಅಂದೆ.

"ನೀನೇ ಸಾಕ್ಷಿ ಅಲ್ವೇನೆ. ಅವತ್ತು ಆಂಜನೇಯ ಕಾಪಾಡಲಿಲ್ವಾ?"

ಇನ್ನು ತಡೆಯಲು ಆಗಲಿಲ್ಲ. ಭರಣಿಯಿಂದ ಹಿಡಿದು ಮುದ್ದೆಯವರೆಗೂ ಎಲ್ಲವನ್ನೂ ನೆಲ ನೋಡುತ್ತಲೇ ಹೇಳಿದೆ. ಅವನು ಸ್ಟೂಲಿನ ಮೇಲೆ ಕೂತುಬಿಟ್ಟ.

"ದಿನಾ ಹಾಕ್ತಿದ್ಯಾ?"

"ಶನಿವಾರ ಬಿಟ್ಟು. ಶನಿವಾರ ದೇವರಿಗೆ ಹೆದರ್ತಿದ್ದೆ."

"ಅದುಕ್ಕೇ ಶನಿವಾರದ ಮುದ್ದೆ ಗಂಟಲಲ್ಲಿ ಇಳೀತಿರಲಿಲ್ಲ. ಒಪ್ಪೊತ್ತಿನ ವಾರ, ಆಂಜನೇಯ ಪರೀಕ್ಷೆ ಮಾಡ್ತಿದಾನೆ ಅನ್ಕೊಂಡಿದ್ದೆ."

ನಗು ಬರುವ ಹಾಗಾಯಿತು, ಅವನ ಮುಖ ನೋಡಿ ನುಂಗಿಕೊಂಡೆ. ಅವನು ಕೈಯಲ್ಲಿದ್ದ ತುಂಡನ್ನು ಕೆಳಗಿಟ್ಟು, "ಹಂಗಾದ್ರೆ ನನ್ನ ಹರಕೆ ಇಪ್ಪತ್ತೇ ದಿನಕ್ಕೆ ಮುರಿದಿತ್ತು" ಅಂದ. "ಆದ್ರೂ ನಾನು ವರ್ಷ ಪೂರ್ತಿ ಅರ ಹಿಡ್ಕೊಂಡು ನಿಂತಿದ್ನಲ್ಲೇ. ಹರಕೆ ಮುರಿದವನನ್ನೂ ದೇವರು ಬಿಟ್ಟು ಹೋಗಲಿಲ್ಲ ಅಂತಾಯ್ತು. ನಾನು ಅವನನ್ನ ಉಪ್ಪಿಗೆ ಕಟ್ಟಾಕ್ಬಿಟ್ಟಿದ್ದೆ."

ನಾನು ಉರುಳುತ್ತೆ ಅಂತ ಎಂಟು ವರ್ಷ ಹೆದರಿದ್ದ ಅವನ ನಂಬಿಕೆ ಉರುಳಲಿಲ್ಲ. ಅವನು ಮಾತ್ರ ತನ್ನ ಕೈಗಳನ್ನೇ ನೋಡುತ್ತ ಕೂತಿದ್ದ.

"ಇನ್ನೊಂದು ಹೇಳ್ತೀನಿ ಕೇಳು. ಮೇಸ್ತ್ರಿ ಹೇಳಿದ ದಿನದಿಂದ ಇವತ್ತಿನವರ್ಗೂ, ಮುಗಿಸಿದ ಕೆಲಸಾನ ಬರಿಗೈಲಿ ಮುಟ್ಟಿಲ್ಲ. ಮಗು ಹುಟ್ಟಿದಾಗ ಬೆಳ್ಳಿ ಕಡಗ ತೊಡಿಸೋಕೂ ಹೆದರ್ಕೊಂಡೆ. ನಿಮ್ಮತ್ತಿಗೆ ಕೈಲಿ ಹಾಕಿಸ್ದೆ. ನೀನು ಕಥೆಯೆಲ್ಲ ಹೇಳ್ದೆ. ಅಷ್ಟೇನಾ?"

ನಮ್ಮ ಮನೆಯಲ್ಲಿ ಯಾರೂ ಯಾರ ಹತ್ತಿರವೂ ಬಾಯಿಬಿಟ್ಟು ತಪ್ಪು ಒಪ್ಪಿಕೊಂಡವರಲ್ಲ. ಹಬ್ಬಕ್ಕೆ ಒಂದು ಹೋಳಿಗೆ ಜಾಸ್ತಿ ಬಡಿಸಿದರೆ ಅದೇ ಕ್ಷಮಾಪಣೆ. ಹತ್ತಿರ ಹೋಗಿ ಅವನ ಕೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದೆ. ಒಳಗೆ ಅಂಗೈ ಬೆವತು ಒದ್ದೆಯಾಗಿತ್ತು. ಅದನ್ನು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡು ಹೇಳಿದೆ:

"ತಪ್ಪಾಯ್ತಣ್ಣ. ನಿನ್ನ ಕೈ ಚೆನ್ನಾಗೇ ಇತ್ತು."