ಬಲಗಾಲಿಗೆ ಗೇರು, ಎಡಗಾಲಿಗೆ ಬ್ರೇಕು

ಗೆಳತಿಯರೇ, ನಮ್ಮ ಹಳೇ ಬೈಕು ಇವತ್ತೂ ಮಾರಾಟವಾಗಲಿಲ್ಲ. ಅದರ ಕಿಕ್ಕರ್ ಸದ್ದಿಗೆ ಐದು ತಿಂಗಳ ಮಗಳು ದಿನಾ ಬೆಳಿಗ್ಗೆ ಬೆಚ್ಚಿ ಏಳುತ್ತಾಳೆ, ನನ್ನ ಚೂರುಪಾರು ನಿದ್ದೆಯೂ ಹಾಳು. ಸೆಲ್ಫ್ ಸ್ಟಾರ್ಟ್ ಗಾಡಿ ಕೊಳ್ಳೋಣವೆಂದರೆ ನಮ್ಮ ಯಜಮಾನರು, “ಮೊದಲ್ನೇ ಮಾಡೆಲ್ ಕಣೇ ಇದು! ಇದನ್ನ ಇಟ್ಕೊಂಡಿರೋ ಸುಖ ಹೊಸದ್ರಲ್ಲಿ ಎಲ್ಲಿ ಬತ್ತದೆ?” ಎನ್ನುತ್ತಾರೆ. ಹಟ ಹಿಡಿದು ನಾನೇ ಸುತ್ತೂರಿನಿಂದ ಒಬ್ಬ ಗಿರಾಕಿಯನ್ನು ಕರೆಸಿದೆ.

ಯಜಮಾನರು ಏನೋ ಹೇಳಲು ಬಾಯಿ ತೆರೆದರೆ ಆತ, “ಗಾಡಿ ಓಡ್ಸೋದ ನಮ್ಗೇಳ್ಕೊಡ್ಬೇಡಿ ಸಾ” ಎಂದು ಹೊರಟೇಬಿಟ್ಟ. ತಿರುವಿನಲ್ಲಿ ಹಸು ಅಡ್ಡ ಬಂತು. ಈಗಿನ ಗಾಡಿಗಳ ರೂಢಿಯಲ್ಲಿ ಆತ ಬ್ರೇಕೆಂದು ಬಲಗಾಲಿನಲ್ಲಿ ಒತ್ತಿದ್ದು ಗೇರು! ಗಾಡಿ ನೇರ ಪಕ್ಕದ ಮನೆಯ ಹುಲ್ಲಿನ ಮೆದೆಗೆ ನುಗ್ಗಿತು. ನಾನು ಓಡಿಹೋಗಿ ನೋಡಿದೆ. ಪುಣ್ಯಕ್ಕೆ ಆತನಿಗೆ ಏನೂ ಆಗಿರಲಿಲ್ಲ, ತಲೆತುಂಬ ಹುಲ್ಲು ಅಷ್ಟೆ.

“ಬ್ರೇಕ್ ಎಲ್ಲಿ ಮಡ್ಗಿದ್ದೀರಿ ಸಾ?”

“ಎಡಗಡೆ ಕಣಪ್ಪ. ಆಗಿನ ಮಾಡೆಲ್ಲು ಹಂಗೇಯ.”

ಆತ ದೂರದಿಂದಲೇ ಬೈಕಿಗೆ ಕೈಮುಗಿದು ನರಸೀಪುರದ ಬಸ್ ಸ್ಟ್ಯಾಂಡಿಗೆ ನಡೆದೇ ಹೋದ. ಯಜಮಾನರ ಮುಖದಲ್ಲಿ ಅಂಥ ಖುಷಿಯನ್ನು ಮಗಳು ಹುಟ್ಟಿದ ದಿನವೂ ನಾನು ಕಂಡಿರಲಿಲ್ಲ.

ಇನ್ನು ಯಾವ ಗಿರಾಕಿ ಬಂದರೂ ಎಡ ಯಾವುದು, ಬಲ ಯಾವುದು ಎಂದು ನಾನೇ ಪಾಠ ಒಪ್ಪಿಸಿಕೊಂಡು ಗಾಡಿ ಹತ್ತಿಸುತ್ತೇನೆ.