ಕಿಡಿಯಕ್ಕನ ಪರದೆ

ಬೀದಿಯವರೆಲ್ಲ ಸೇರಿ ನಡೆಸುವ ನಮ್ಮ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಮೂಲೆ ಕಿಡಿಯಕ್ಕನದು. ಬಸ್ಸಿನ ಬಾಡಿ ಕಟ್ಟುತ್ತಲೇ ತಲೆ ನರೆತ ಗಟ್ಟಿಗಿತ್ತಿ. ಅವಳ ಬೆನ್ನ ಹಿಂದೆ ಕಣ್ಣು ಸುಡುವ ವೆಲ್ಡಿಂಗ್ ಬೆಳಕನ್ನು ತಡೆಯುವ ದಪ್ಪ ಪರದೆ, ಅದರಾಚೆ ಅವಳ ತಂಗಿಯ ಹೊಲಿಗೆ ಯಂತ್ರ. ಕಿಡಿ ಹಾರಿಸುವ ಮೊದಲು ಅಕ್ಕ "ಕಣ್ಣು!" ಎಂದು ಕೂಗಿದರೆ ಈಚೆಗಿದ್ದವರೆಲ್ಲ ಗೋಡೆಗೆ ಮುಖ ಮಾಡಬೇಕು. ಪರದೆಯಾಚೆಯ ತಂಗಿಗೆ ಆ ಗೊಡವೆಯಿಲ್ಲ.

ಮೊನ್ನೆ ಬಡಗಿ ಮಹಾಶಯ, ಹೊಸ ಮೇಜಿನ ವಾರ್ನಿಷ್‌ಗೆ ಧೂಳು ಕೂರದಿರಲೆಂದು ಆ ಪರದೆಯನ್ನೇ ಬಿಚ್ಚಿ ಮೇಜಿನ ಸುತ್ತ ಕಟ್ಟಿಕೊಂಡ. ಅದರ ಜಾಗಕ್ಕೆ ಸವೆದ ಬೆಡ್‌ಶೀಟು ತೂಗುಹಾಕಿದ. ಅಕ್ಕ ಹಿಂದೆ ನೋಡದೆ ಕೆಲಸಕ್ಕಿಳಿದಳು. ಸಂಜೆಗೆ ತಂಗಿಯ ಕಣ್ಣಿಗೆ ಮರಳು ಸುರಿದಂತಾಗಿ ರೆಪ್ಪೆ ತೆರೆಯಲಾಗಲಿಲ್ಲ.

ಮರುದಿನ ಅಕ್ಕ ಉರಿದುಬಿದ್ದಳು.

"ಪರದೆ ಬದಲು ಪರದೆ ಹಾಕಿದ್ನಲ್ಲಕ್ಕ," ಎಂದ ಬಡಗಿ.

"ನಿನ್ನ ಮೇಜಿಗೆ ಧೂಳು ತಾಗಬಾರ್ದು, ನನ್ನ ತಂಗಿ ಕಣ್ಣು ಸುಡಬಹುದಾ? ನಾಳೆ ಅವಳ ಸೂಜಿಗೆ ದಾರ ನೀನು ಪೋಣಿಸಿಕೊಡ್ತೀಯೇನೋ, ಮರದ ಕೊರಡೇ? ನನ್ನ ಕೈಯಿಂದಲೇ ಅವಳನ್ನ ಸುಡಿಸಿಬಿಟ್ಟೆಯಲ್ಲೋ!"

ಪರದೆ ಜಾಗಕ್ಕೆ ಬಂತು. ಅದನ್ನು ಇನ್ನು ಯಾರೂ ಕಳಚದಂತೆ, ಪರದೆ ತೂಗುವ ಸರಳಿನ ತುದಿಗಳಿಗೆ ಕಬ್ಬಿಣದ ಬಿಲ್ಲೆ ಬೆಸೆಯಲು ಅಕ್ಕ ಏಣಿ ಹತ್ತಿದಳು.

"ಕಣ್ಣು!"

ಎಲ್ಲರಿಗಿಂತ ಮೊದಲು ಗೋಡೆಗೆ ತಿರುಗಿದವನು ಬಡಗಿ. ಹೊಲಿಗೆ ಯಂತ್ರದ ಮುಂದಿನ ಕುರ್ಚಿ ಇನ್ನೂ ಖಾಲಿಯಿತ್ತು.